ಕಾಡಿಗೆ ಹಚ್ಚಿದ ಗಡಿಯಾರ

ಅವ್ವ ಆ ಮಾತನ್ನು ಯಾವಾಗ ಆಡಿದಳು ಎಂಬುದರಲ್ಲಿ ನನಗೂ ನನ್ನ ಹೆಂಡತಿಗೂ ಇನ್ನೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಹೋದ ಆಷಾಢದ ಆ ಭಾನುವಾರವೇ, ನಾನು ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟುವಾಗ. ಹೆಂಡತಿಯ ಪ್ರಕಾರ ಅದಕ್ಕಿಂತ ಎಷ್ಟೋ ವಾರ ಮೊದಲು, ಒಂದು ಸಂಜೆ, ಅವ್ವ ಮೆಂತ್ಯ ಪಲ್ಲೆ ಸೋಸುತ್ತ ಕುಳಿತಿದ್ದಾಗ. ಮಾತು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

“ಪಟಾ ಹಾರಸಾಕಂತ ಹೋಗಿ ಪಟಾ ಆಗಬ್ಯಾಡಪಾ.”

ನಮ್ಮ ಕಡೆ ಗಾಳಿಪಟವೂ ಪಟವೇ, ಗೋಡೆಗೆ ತೂಗುಹಾಕಿದ ಫೋಟೋ ಕೂಡ ಪಟವೇ. ಭಾಗ್ಯನಗರದ ನಮ್ಮ ಮನೆಯ ಪಡಸಾಲೆಯಲ್ಲಿ ತೀರಿಹೋದ ಅಪ್ಪನ ಪಟವಿದೆ. ಅದರ ಕೆಳಗಿನ ಗೂಡಿನಲ್ಲಿ ಕಿನ್ನಾಳದ ಎರಡು ಕಟ್ಟಿಗೆ ಗಿಳಿಗಳು. ಪಟದ ಪಕ್ಕ ಒಂದು ಮೊಳೆ ಖಾಲಿ ಇದೆ. ಹಿಂದೆ ಅಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ಅವ್ವ ಹಾಗೆಂದಾಗ ನಾನು ಆ ಮೊಳೆಯ ಕಡೆ ನೋಡಿದೆ ಎಂದು ನನಗೆ ಅನ್ನಿಸುತ್ತದೆ. ನೋಡಿದ್ದೆನೋ, ಆಮೇಲೆ ನಡೆದದ್ದಕ್ಕೆ ಹೊಂದುವಂತೆ ನಾನೇ ಆ ಮೊಳೆಯನ್ನು ಅಲ್ಲಿ ಹೊಡೆದುಕೊಂಡೆನೋ, ಹೇಳಲಾರೆ. ಇಂಥ ಅನುಮಾನ ನನಗೆ ಮೊದಲಿನಿಂದಲೂ ಇದೆ. ಡೈರಿ ಬರೆಯುವ ಚಟ ಹತ್ತಿದ್ದೂ ಅದಕ್ಕೇ, ಆ ಗಡಿಯಾರ ಕೊಂಡದ್ದೂ ಅದಕ್ಕೇ.

ನನ್ನ ಕೆಲಸ ಗಾಳಿ ಅಳೆಯುವುದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿದೆ. ಈಗ ಯಲಬುರ್ಗಾ, ಕುಷ್ಟಗಿ ಕಡೆಯ ದಿಬ್ಬಗಳ ಮೇಲೆ ತೆಳ್ಳನೆಯ ಕಂಬ ನಿಲ್ಲಿಸಿ, ಅಲ್ಲಿ ಗಾಳಿ ಎತ್ತಲಿಂದ ಎಷ್ಟು ಬೀಸುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಇಡುತ್ತೇನೆ. ಆಮೇಲೆ ಅಲ್ಲಿ ಗಾಳಿಯಂತ್ರಗಳು ಬರುತ್ತವೆ. ಊರವರು ಅವುಗಳನ್ನು ಫ್ಯಾನು ಎನ್ನುತ್ತಾರೆ, ನನ್ನನ್ನು ಫ್ಯಾನಿನ ಸಾಹೇಬ್ರು ಎನ್ನುತ್ತಾರೆ. “ಸಾಹೇಬ್ರ, ಇಷ್ಟು ದೊಡ್ಡ ಫ್ಯಾನ್ ಕುಂದ್ರಿಸೀರಿ, ಸೆಕಿ ಒಂಚೂರೂ ಕಡಿಮಿ ಆಗವಲ್ದು. ರೆಗ್ಯುಲೇಟರ್ ಎಲ್ಲೈತಿ ಹೇಳ್ರಿ, ನಾವ ತಿರುವತೀವಿ” ಎಂದು ಚಹಾದಂಗಡಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಕೆಲವು ವರ್ಷ ಇದೇ ಕೆಲಸದ ಮೇಲೆ ತಮಿಳುನಾಡಿನ ದಕ್ಷಿಣದ ಕರಾವಳಿಯಲ್ಲಿದ್ದೆ. ಅಲ್ಲಿ ಕೈಟ್ ಸರ್ಫಿಂಗ್ ಕಲಿತೆ. ಕೋಣೆಯಷ್ಟು ದೊಡ್ಡ ಪಟ. ಅದರ ಮುಂದಿನ ಅಂಚು ಗಾಳಿ ತುಂಬಿದ ಕೊಳವೆ, ನೀರಿಗೆ ಬಿದ್ದರೆ ಮುಳುಗದು. ಪಟದಿಂದ ಇಳಿದ ನಾಲ್ಕು ಹುರಿಗಳು ಕೈಯಲ್ಲಿರುವ ಅಡ್ಡಪಟ್ಟಿಗೆ ಬಂದು ಸೇರುತ್ತವೆ, ಆ ಪಟ್ಟಿ ಸೊಂಟದ ಬೆಲ್ಟಿನ ಕೊಕ್ಕೆಗೆ. ಕಾಲ ಕೆಳಗೆ ಒಂದು ಹಲಗೆ. ಗಾಳಿ ಪಟವನ್ನು ಎಳೆಯುತ್ತದೆ, ಪಟ ನಮ್ಮನ್ನು ಎಳೆಯುತ್ತದೆ. ಕೊಪ್ಪಳಕ್ಕೆ ಮರಳಿದ ಮೇಲೆ ಸಮುದ್ರ ದೂರವಾಯಿತು, ಆದರೆ ಗಾಳಿ ಇಲ್ಲೇ ಹೆಚ್ಚು. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ತುಂಗಭದ್ರೆಯ ಹಿನ್ನೀರು ನಿಜಕ್ಕೂ ಕಡಲಿನಂತೆ ಏಳುತ್ತದೆ.

ನೀರಿನಿಂದ ಮೇಲೆ ಬಂದ ಕೂಡಲೇ ನೆನಪು ಬೆಳೆಯತೊಡಗುತ್ತದೆ. ಮಾಳಿಗೆಯಷ್ಟು ಎತ್ತರ ಹಾರಿದೆ ಅನ್ನಿಸುತ್ತದೆ. ಮಣಿಕಟ್ಟಿನ ಜಿಪಿಎಸ್ ಗಡಿಯಾರ ನೋಡಿದರೆ ಮೊಣಕಾಲಿನಷ್ಟೇ. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಕ್ರಮೇಣ ಆ ಅವಮಾನವೇ ಇಷ್ಟವಾಯಿತು. ಎಲ್ಲಿ ಹೋದೆ, ಎಷ್ಟು ವೇಗ, ಎಷ್ಟು ಎತ್ತರ, ಎದೆ ಹೇಗೆ ಬಡಿಯುತ್ತಿತ್ತು, ಎಲ್ಲವನ್ನೂ ಅದು ಬರೆದಿಡುತ್ತದೆ. ಅದರ ಬೆನ್ನಿನಲ್ಲಿ ಒಂದು ಹಸಿರು ದೀಪ ಮಿಟುಕುತ್ತಿರುತ್ತದೆ. ಆ ಬೆಳಕು ಚರ್ಮದೊಳಗಿನ ರಕ್ತವನ್ನು ನೋಡಿ ಎದೆಬಡಿತ ಎಣಿಸುತ್ತದೆ.

ಹೆಂಡತಿ ಗಂಗಾವತಿ ಕಡೆಯವಳು, ಕಾಲುವೆಯ ದಂಡೆಯ ಊರಲ್ಲಿ ಬೆಳೆದವಳು. ಕಾಲುವೆಯಲ್ಲಿ ಬರುವುದು ಬತ್ತದ ಗದ್ದೆಯ ನೀರೊಂದೇ ಅಲ್ಲ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ತೂಬಿನ ಕಂಬಿಗೆ ಬಂದು ತಗಲಿದವರನ್ನು ಅವಳು ಕಂಡಿದ್ದಾಳೆ. ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ನಾನು ಹಿನ್ನೀರಿಗೆ ಹೋಗುವುದಾದರೆ ಒಂದು ಷರತ್ತು ಹಾಕಿದಳು: ಗಡಿಯಾರ ಬರೆಯುವುದೆಲ್ಲ ಆ ಹೊತ್ತಿನಲ್ಲೇ ಅವಳ ಫೋನಿನಲ್ಲೂ ಕಾಣಬೇಕು. ಅದಕ್ಕೆಂದು ನನ್ನ ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ, ತೇಲುವ ಜಾಕೆಟ್ಟಿನ ಬೆನ್ನ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಗಡಿಯಾರ ಫೋನಿಗೆ ಹೇಳುತ್ತದೆ, ಫೋನು ಮನೆಗೆ ಹೇಳುತ್ತದೆ. ಮನೆಯಲ್ಲಿ ನೀಲಿ ನಕಾಶೆಯ ಮೇಲೆ ನಾನು ಒಂದು ಚುಕ್ಕಿ. ಪಕ್ಕದಲ್ಲಿ ಒಂದು ಕೆಂಪು ಹೃದಯ, ಅದರ ಎದುರು ಒಂದು ಸಂಖ್ಯೆ.

“ಚುಕ್ಕಿ ನೋಡಿದ್ರ ನನಗ ಸಮಾಧಾನ ಇಲ್ರಿ” ಎಂದಿದ್ದಳು. “ತೇಲಿಕೋತ ಯಾರಾದ್ರೂ ಹೋಗತಾರ. ನಾ ನೋಡೂದು ಎದಿ ಬಡಿಯೂದು.”

ಆ ಭಾನುವಾರ ಹೊರಟಾಗ ಗಿಣಿಗೇರಾದ ಕಾರ್ಖಾನೆಗಳ ಹೊಗೆ ಚಿಮಣಿಯಿಂದ ಮೇಲೇಳದೆ ಮೂಡಲಕ್ಕೆ ಅಡ್ಡ ಮಲಗಿತ್ತು. ನನ್ನ ಮಟ್ಟಿಗೆ ಹವಾಮಾನ ವರದಿಗಿಂತ ಆ ಹೊಗೆಯೇ ನಂಬಿಕೆಯದು. ಇದಂತೂ ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಸಂತೋಷವಾಗಿತ್ತು. ದಂಡೆಯಲ್ಲಿ ಸ್ಕೂಟರ್ ನಿಲ್ಲಿಸಿ, ಪಟಕ್ಕೆ ಗಾಳಿ ತುಂಬಿ, ಗಡಿಯಾರದ ಗುಂಡಿ ಒತ್ತಿದೆ. ಎದೆಬಡಿತದ ಜಾಗದಲ್ಲಿ ಸಂಖ್ಯೆಯ ಬದಲು ಎರಡು ಸಣ್ಣ ಗೆರೆ ಕಂಡವು. ಪಟ್ಟಿ ಸಡಿಲವಿರಬೇಕೆಂದು ಒಂದು ತೂತು ಬಿಗಿ ಮಾಡಿದೆ. ಗೆರೆ ಹಾಗೆಯೇ ಇದ್ದವು. ಬೆವರಿಗೆ, ಚಳಿಗೆ ಹೀಗಾಗುವುದುಂಟು. ಬಿಟ್ಟೆ.

ಮನೆಗೆ ಒಂದು ಮಾತು ಹೇಳಬೇಕಿತ್ತೇ? ಆ ಹೊತ್ತಿಗೆ ಪಟ ಮೇಲಿತ್ತು.

ಮಲೆನಾಡಿನ ಕಡೆ ಮಳೆಯಾಗಿ ಹೊಸ ನೀರು ಬಂದಿತ್ತು. ಕೆಮ್ಮಣ್ಣಿನ ಬಣ್ಣ, ಮುಳುಗಿಸಿದ ಕೈ ಕಾಣದಷ್ಟು ಕದಡು. ಹಿಂದಿನ ವಾರವೇ ಕಾಲುವೆಗೆ ನೀರು ಬಿಟ್ಟಿದ್ದರು. ಗಾಳಿ ಪಡುವಣದಿಂದ ಆಣೆಕಟ್ಟೆಯ ಕಡೆಗೆ, ಅಂದರೆ ಕಾಲುವೆಯ ತೂಬಿನ ಕಡೆಗೂ, ಬೀಸುತ್ತಿತ್ತು. ಇದೆಲ್ಲ ಗೊತ್ತಿದ್ದೇ ಇಳಿದಿದ್ದೆ. ದಂಡೆಗೆ ಸಮನಾಗಿ ಹೋಗಿ ಬರುತ್ತಿದ್ದರೆ ಅಪಾಯವಿಲ್ಲ ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಗಾಳಿ ಲೆಕ್ಕದಲ್ಲಿ ನಿಲ್ಲಲಿಲ್ಲ.

ಪಡುವಣದ ಅಂಚಿನಲ್ಲಿ ಕಂದು ಗೋಡೆಯಂತೆ ಏನೋ ಎದ್ದದ್ದನ್ನು ಕಂಡೆ. ಅದನ್ನು ಕಂಡ ಮೇಲೂ ಇನ್ನೊಂದು ಸುತ್ತು ಹೋದೆನೋ, ಅಥವಾ ಕಂಡ ಕೂಡಲೇ ದಂಡೆಗೆ ತಿರುಗಿದೆನೋ? ತಿರುಗಿದೆ ಎಂದು ನೆನಪು ಹೇಳುತ್ತದೆ. ಗಡಿಯಾರ ಬರೆದ ಗೆರೆ ಮಾತ್ರ ನೀರಿನ ನಡುವಿಗೆ ಹೋಗಿ ಅಲ್ಲಿಂದ ಮರಳುತ್ತದೆ. ನಾನು ಗೆರೆಯನ್ನು ನಂಬುತ್ತೇನೆ.

ಮರಳುವ ದಾರಿಯಲ್ಲಿ ಗಾಳಿ ಬಡಿಯಿತು. ಪಟ ನನ್ನನ್ನು ನೀರಿನಿಂದ ಕಿತ್ತು ಎತ್ತಿ ಎಸೆಯಿತು. ಬಿದ್ದಾಗ ಮೂಗು ಬಾಯಿಯ ತುಂಬ ಮಣ್ಣುನೀರು. ಎದ್ದು ನೋಡಿದರೆ ಹಲಗೆ ಇಲ್ಲ. ಪಟ ನೀರಿನ ಮೇಲೆ ಮಗುಚಿ ಬಿದ್ದು ಇನ್ನೂ ಎಳೆಯುತ್ತಿತ್ತು. ಸೊಂಟದ ಕೊಕ್ಕೆಯ ಬಳಿಯಿರುವ ಕೆಂಪು ಹಿಡಿ ತಳ್ಳಿದರೆ ಪಟದ ಬಲ ಹೋಗಬೇಕು. ತಳ್ಳಿದೆ. ಬಲ ಹೋಯಿತು, ಸಡಿಲಾದ ಹುರಿ ಅಲೆಯಲ್ಲಿ ಸುತ್ತಿಕೊಂಡು ನನ್ನ ಎಡಗಾಲಿನ ಹರಡಿಗೆ, ಪಾದದ ಮೇಲಿನ ಗಂಟಿಗೆ, ಬಂತು.

ನನಗೆ ಅಂಜಿಕೆ ಹತ್ತಿದ್ದು ಆಗ. ಅದಕ್ಕೂ ಮುಂಚಿನದು ಗಾಬರಿ. ಗಾಬರಿಯಲ್ಲಿ ಕೈಕಾಲು ಆಡುತ್ತವೆ. ಅಂಜಿಕೆ ಬೇರೆ. ಹುರಿ ಹರಡಿಯನ್ನು ಬಿಗಿದಾಗ ನಾನು ಅಲುಗಾಡುವುದನ್ನೇ ಬಿಟ್ಟೆ. ಇನ್ನೊಂದು ಎಳೆತ ಬಂದು ಪಟ ಮತ್ತೆ ಗಾಳಿ ಹಿಡಿದರೆ ಕಾಲು ಹೋಗುತ್ತದೆ, ಅಥವಾ ತಲೆ ಕೆಳಗಾಗಿ ನಾನೇ ಹೋಗುತ್ತೇನೆ. ಮಡಚಿಕೊಂಡು, ಉಸಿರು ಹಿಡಿದು, ಕಾಣದ ನೀರಿನಲ್ಲಿ ಬೆರಳಿನಿಂದ ಹುರಿ ಹುಡುಕಿ ಬಿಡಿಸಿಕೊಂಡೆ. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಮೇಲೆ ಬಂದಾಗ ಪಟದ ಕೊಳವೆ ಕೈಗೆ ಸಿಕ್ಕಿತು. ಅದನ್ನು ತಬ್ಬಿಕೊಂಡೆ.

ಮಳೆ ಬಂತು. ದಂಡೆ ಮರೆಯಾಯಿತು. ಕಾಣುತ್ತಿದ್ದುದು ಒಂದೇ, ಮುಂದೆ ದೂರದಲ್ಲಿ ಆಣೆಕಟ್ಟೆಯ ಮಾಸಲು ಗೆರೆ. ನಾನು ಅದರ ಕಡೆಗೇ ಹೋಗುತ್ತಿದ್ದೆ. ಕಾಲು ಬಡಿದೆ, ಅಡ್ಡ ಈಜಲು ನೋಡಿದೆ. ಗಾಳಿ ಪಟವನ್ನೂ ನನ್ನನ್ನೂ ಒಂದೇ ಸಾಮಾನು ಎಂಬಂತೆ ದೂಡುತ್ತಿತ್ತು. ಪಟ ಬಿಟ್ಟರೆ ತೂಬಿನ ಕಡೆ ಹೋಗುವುದು ತಪ್ಪೀತು, ಆದರೆ ದಂಡೆಯವರೆಗೆ ಈಜುವ ಶಕ್ತಿ ಇದೆಯೇ? ಹಿಡಿದರೆ ಆ ಗೆರೆ. ನಾನು ಗಾಳಿ ಅಳೆಯುವವನು, ಎಷ್ಟು ಹೊತ್ತಿನಲ್ಲಿ ಎಲ್ಲಿ ಮುಟ್ಟುತ್ತೇನೆಂದು ಲೆಕ್ಕ ಹಾಕಬಲ್ಲವನು. ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ.

ಗಡಿಯಾರ ನೋಡಿದೆ. ವೇಗ ತೋರಿಸುತ್ತಿತ್ತು, ಹೊರಟ ಜಾಗದಿಂದ ದೂರ ತೋರಿಸುತ್ತಿತ್ತು, ಮತ್ತು ಎದೆಯ ಜಾಗದಲ್ಲಿ ಆ ಎರಡು ಗೆರೆ.

ಈಗ ಬರೆಯುವಾಗ ನಗು ಬರುತ್ತದೆ, ಆಗ ಬರಲಿಲ್ಲ. ಬಿದ್ದ ಹೊಡೆತಕ್ಕೆ ನಾನು ಸತ್ತೇ ಹೋಗಿರಬಹುದೇ ಎಂದು ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಭೌತಶಾಸ್ತ್ರ ಓದಿದವನು ಕೊರಳಿಗೆ ಬೆರಳಿಟ್ಟು ನೋಡಿಕೊಂಡೆ. ಬೆರಳು ಮರಗಟ್ಟಿದ್ದವು, ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು: ನನಗೆ ಕಾಣುವ ಈ ಗೆರೆ ಅವಳಿಗೂ ಕಾಣುತ್ತಿದೆ. ಚುಕ್ಕಿ ತೂಬಿನ ಕಡೆ ತೇಲುತ್ತಿದೆ, ಪಕ್ಕದ ಹೃದಯದ ಎದುರು ಸಂಖ್ಯೆ ಇಲ್ಲ.

ಗಡಿಯಾರ ಮಣಿಕಟ್ಟಿನಲ್ಲಿ ನಡುಗಿತು. ತೆರೆಯ ಮೇಲೆ “ಮನೆ” ಎಂದು ಬಂತು.

ಫೋನು ಬೆನ್ನ ಮೇಲೆ, ಜಾಕೆಟ್ಟಿನೊಳಗೆ, ಅಲೆಗಳಲ್ಲಿ ಮುಳುಗೇಳುತ್ತಿತ್ತು. ಕೈ ಎಟುಕುವಂತಿರಲಿಲ್ಲ. ಗಡಿಯಾರದಿಂದಲೇ ಕರೆ ಎತ್ತಬಹುದು. ಮೇಲಿನ ಗುಂಡಿ ಎತ್ತುವುದಕ್ಕೆ, ಕೆಳಗಿನದು ಕಟ್ ಮಾಡುವುದಕ್ಕೆ. ಕೊಳವೆ ಬಿಡದೆ ಹೆಬ್ಬೆರಳು ಒತ್ತಿದೆ. ಕರೆ ಕಟ್ ಆಯಿತು.

ಮತ್ತೆ ಬಂತು. ಮತ್ತೆ ಕಟ್ ಮಾಡಿದೆ.

ಎರಡನೆಯ ಸಲವೂ ಬೆರಳು ಜಾರಿತೇ? ಈ ಪ್ರಶ್ನೆಯನ್ನು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಎತ್ತಿದ್ದರೆ ನನ್ನ ಮಾತು ಅವಳಿಗೆ ಮುಟ್ಟುತ್ತಿರಲಿಲ್ಲ. ನೀರಿನಲ್ಲಿ ಮುಳುಗೇಳುವ ಫೋನಿನಿಂದ ಅವಳಿಗೆ ಕೇಳಿಸುತ್ತಿದ್ದುದು ಗುಳುಗುಳು ಸದ್ದು ಮಾತ್ರ. ಅದನ್ನು ಕೇಳಿಸಬಾರದೆಂದು ಬೇಕಂತಲೇ ಕಟ್ ಮಾಡಿದೆ ಎಂದು ಒಮ್ಮೊಮ್ಮೆ ಖಾತ್ರಿಯಾಗಿ ಅನ್ನಿಸುತ್ತದೆ. ಮರುದಿನ ಆ ಖಾತ್ರಿ ಇರುವುದಿಲ್ಲ. ನೆನಪಿರುವುದು ಇಷ್ಟೇ: ಆಕೆ ಬಿಡದೆ ಕರೆಯುತ್ತಿದ್ದಳು, ನಾನು ಬಿಡದೆ ಕತ್ತರಿಸುತ್ತಿದ್ದೆ, ಪ್ರತಿ ಸಲವೂ ಬಾಗಿಲಲ್ಲಿ ನಿಂತವಳ ಮುಖಕ್ಕೆ ಬಾಗಿಲು ಹಾಕಿದಂತೆ ಸಂಕಟವಾಗುತ್ತಿತ್ತು. ಆಮೇಲೆ ಕರೆ ನಿಂತವು. ಆಣೆಕಟ್ಟೆಯ ಗೆರೆಗಿಂತ ಅದು ಹೆಚ್ಚು ಹೆದರಿಸಿತು. ಮಳೆಯಲ್ಲಿ ಕಪ್ಪಗಾದ ತೆರೆಯನ್ನು ನೋಡುತ್ತ, “ಮಾಡs, ಇನ್ನೊಮ್ಮೆ ಮಾಡs” ಎಂದು ಜೋರಾಗಿಯೇ ಕೂಗಿದೆ.

ಆಗ ಏನೋ ನನ್ನನ್ನು ತಡೆದು ನಿಲ್ಲಿಸಿತು. ಪಟದ ಹುರಿಗಳು ಎಲ್ಲೋ ಸಿಕ್ಕಿಕೊಂಡಿದ್ದವು. ಸುತ್ತ ನೋಡಿದರೆ ಅಲೆಗಳ ಮೇಲೆ ಸಾಲಾಗಿ ಖಾಲಿ ಪ್ಲಾಸ್ಟಿಕ್ ಬಾಟಲಿಗಳು ಕುಣಿಯುತ್ತಿದ್ದವು. ಮೀನಿನ ಬಲೆ.

ಮೊದಲು ಬಂದದ್ದು ಬೈಗುಳ. ನೀರಿನ ನಡುವೆ ಉಳಿದ ಒಂದು ಕಲ್ಲುದಿಬ್ಬದ ಮರೆಯಲ್ಲಿ ಗಾಳಿ ಇಳಿಯಲೆಂದು ಹರಿಗೋಲು ನಿಲ್ಲಿಸಿಕೊಂಡಿದ್ದ ಗಂಡ ಹೆಂಡತಿ, ಬಲೆ ಎಳೆದಾಡುವುದನ್ನು ಕಂಡು ಹೊರಟುಬಂದಿದ್ದರು. ಗಂಡ ಹುಟ್ಟು ಹಾಕುತ್ತಿದ್ದ. ಹೆಂಡತಿ ಮುಂದೆ ಮೊಣಕಾಲೂರಿ ಕುಳಿತು ಕೂಗುತ್ತಿದ್ದಳು.

“ಏ ಯಪ್ಪಾ, ಬಲಿ ಹರದ್ಯಲ್ಲೋ! ಬಲಿ ಬಿಡು! ಮೊದಲ ಬಲಿ ಬಿಡು ನೀ!”

“ಜೀವಂತ ಅದಾನ ತಡಿಯs” ಎಂದ ಗಂಡ.

“ಜೀವಂತ ಅದಾನಂತನ ಬೈಯಾಕತ್ತೀನಿ. ಸತ್ತಿದ್ರ ಬೈತಿದ್ನೇನು?”

ಅವಳು ನನ್ನ ಜಾಕೆಟ್ಟಿನ ಹೆಗಲು ಹಿಡಿದಳು. ಹರಿಗೋಲು ಓಲಾಡಿ ಮೂವರೂ ಮಗುಚುವ ಹಾಗಾಯಿತು. ಗಂಡ ಎದುರು ಬದಿಗೆ ಮೈ ಚೆಲ್ಲಿದ. ಮೀನಿನ ಮೇಲೆ ಮೀನಿನಂತೆ ಒಳಗೆ ಬಿದ್ದೆ. ಬೆನ್ನ ಜೇಬಿನಿಂದ ಫೋನು ತೆಗೆದರೆ ಚೀಲದೊಳಗೆ ಕೆಂಪು ನೀರು ನಿಂತಿತ್ತು. ತೆರೆ ಸತ್ತಿತ್ತು.

“ಅಕ್ಕಾ, ಒಂದ ಫೋನ್ ಕೊಡ್ರಿ. ಮನಿಗೆ ಹೇಳಬೇಕು.”

ಅವಳು ನನ್ನ ಕೈಯಲ್ಲಿದ್ದ ಚೀಲ ನೋಡಿ, ನನ್ನನ್ನು ನೋಡಿ, “ನೀರಾಗ ಫೋನ್ ಯಾರ ತರತಾರ್ರಿ?” ಎಂದಳು.

ಆ ದಿಬ್ಬದ ಮರೆಯಲ್ಲಿ ಗಾಳಿ ಇಳಿಯಲೆಂದು ಕುಳಿತೆವು. ಗಂಡ ಬೀಡಿ ಹಚ್ಚಲು ನೋಡಿ ಸೋತ. ನನ್ನ ದವಡೆ ಕಟಕಟಿಸುತ್ತಿತ್ತು. ಬದುಕಿದೆನೆಂಬ ಸಂತೋಷ ಬರಬೇಕಿತ್ತು, ಬರಲಿಲ್ಲ. ಮನೆಯಲ್ಲಿ ಈಗ ಏನು ಕಾಣುತ್ತಿದೆ ಎಂಬುದನ್ನು ಬಿಟ್ಟು ಬೇರೇನೂ ತಲೆಗೆ ಹತ್ತಲಿಲ್ಲ. ಫೋನು ಸತ್ತ ಗಳಿಗೆಯಲ್ಲಿ ಚುಕ್ಕಿ ಅಲ್ಲಿಗೇ ನಿಂತಿರುತ್ತದೆ, ನೀಲಿಯ ನಟ್ಟನಡುವೆ. ನನ್ನ ಮಟ್ಟಿಗೆ ಮುಗಿದದ್ದು ಅವಳ ಮಟ್ಟಿಗೆ ಈಗ ಶುರುವಾಗಿದೆ.

“ಯಾಕ ಹಂಗ ನಡಗತೀರಿ? ಬಂತಲ್ಲ ಜೀವಾ” ಎಂದ ಗಂಡ.

“ಮನಿಯಾಗ ನಾ ಸತ್ತೀನಂತ ತಿಳದಿರತಾರ” ಎಂದೆ.

ಅವನ ಹೆಂಡತಿ ಬಲೆಯ ಹರುಕು ನೋಡುತ್ತಿದ್ದವಳು ತಲೆಯೆತ್ತಿದಳು. “ಹಂಗಾದ್ರ ಗಾಳಿ ನಿಲ್ಲೂತನಕ ಕುಂತು ಏನ ಮಾಡೂದು. ಏಳ್ರಿ, ಹುಟ್ಟ ಹಾಕ್ರಿ” ಎಂದು ಗಂಡನಿಗೆ ಹೇಳಿದಳು. ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ದಾರಿಯುದ್ದಕ್ಕೂ ಬಲೆಯ ಬಗ್ಗೆ ಅವಳು ಮತ್ತೆ ಮಾತೆತ್ತಲಿಲ್ಲ. ಮುಂದಿನ ವಾರ ನಾನೇ ಹೋಗಿ ಹೊಸ ಬಲೆ ಕೊಟ್ಟು ಬಂದೆ.

ದಂಡೆಯಲ್ಲಿ, ಮಳೆಯಲ್ಲಿ, ಇಬ್ಬರು ಹೆಂಗಸರು ನಿಂತಿದ್ದರು. ಚುಕ್ಕಿ ನಿಂತ ಜಾಗಕ್ಕೆ ಹತ್ತಿರದ ದಂಡೆ ಯಾವುದೆಂದು ನಕಾಶೆಯಲ್ಲಿ ನೋಡಿ, ಓಣಿಯ ಒಂದು ಆಟೋ ಹಿಡಿದು ಬಂದಿದ್ದರು. ಅವ್ವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹರಿಗೋಲಿನಲ್ಲಿ ಮೂರು ತಲೆ ಕಂಡರೂ ಮೂರನೆಯದು ಕುಳಿತಿದೆಯೋ ಮಲಗಿಸಿದೆಯೋ ತಿಳಿಯಲಿಲ್ಲವಂತೆ. ಕೈಯೆತ್ತಬೇಕೆಂದು ನನಗೆ ಹೊಳೆಯಲಿಲ್ಲ.

ನನ್ನ ಹೆಂಡತಿ ಮೊಣಕಾಲುದ್ದ ನೀರಿಗೆ ಇಳಿದು ಬಂದಳು. ನನ್ನ ಎಡಗೈ ಹಿಡಿದು, ನಾಡಿ ನೋಡಲು ಗಡಿಯಾರದ ಪಟ್ಟಿ ಬಿಚ್ಚಿದಳು. ಅದರ ಕೆಳಗೆ, ಮಣಿಕಟ್ಟಿನ ಮೇಲೆ, ರೂಪಾಯಿಯಗಲ ಕಪ್ಪು ಮಚ್ಚೆ. ರಕ್ತ ಹೆಪ್ಪುಗಟ್ಟಿದೆ ಎಂದು ತಿಳಿದು ಅವಳು ಚೀರಿದಳು. ನಾನೂ ಹಾಗೆಯೇ ತಿಳಿದೆ. ಅವಳು ಬೆರಳಿನಿಂದ ಒರೆಸಿದಳು; ಬೆರಳು ಕಪ್ಪಾಯಿತು. ಗಡಿಯಾರ ತಿರುಗಿಸಿ ನೋಡಿದಳು. ಬೆನ್ನಿನ ಹಸಿರು ದೀಪದ ಮೇಲೆ ದಪ್ಪಗೆ ಅದೇ ಕಪ್ಪು.

“ಅದು ಕಾಡಿಗಿ” ಎಂದಳು ಅವ್ವ.

ನಾವಿಬ್ಬರೂ ಅವಳ ಕಡೆ ತಿರುಗಿದೆವು.

“ಮುಂಜಾನಿ ಟೇಬಲ್ ಮ್ಯಾಲ ಬೋರಲ ಬಿದ್ದಿತ್ತು. ಹಸರ ಕಣ್ಣ ಪಿಳಿಪಿಳಿ ಮಾಡತಿತ್ತು. ನಿನ್ನ ಕಾಯೂದು ಅದ ಅಲ್ಲೇನು? ಕಾಯೂ ಕಣ್ಣಿಗೇ ದೃಷ್ಟಿ ಆಗಬಾರದಂತ ಒಂಚೂರು ಹಚ್ಚಿದ್ನಿ. ಮ್ಯಾಲ ಹಚ್ಚಿದ್ರ ನೀ ಒರಸತಿ. ಅದಕ್ಕ ಕೆಳಗ ಹಚ್ಚಿದೆ.”

ಔಡಲೆಣ್ಣೆಯಲ್ಲಿ ಕಲಸಿದ ಮನೆಯ ಕಾಡಿಗೆ. ನೀರಿಗೆ ಹೋಗುವಂಥದ್ದಲ್ಲ, ಕೂಸುಗಳ ಕೆನ್ನೆಯಿಂದ ತೆಗೆಯಲೂ ಮತ್ತೆ ಎಣ್ಣೆಯೇ ಬೇಕು. ಬೆಳಕು ಚರ್ಮದ ತನಕ ಹೋಗಲಿಲ್ಲ, ಎದೆ ಕಾಣಲಿಲ್ಲ. ಹೆಂಡತಿ ಇದನ್ನು ಅವ್ವನಿಗೆ ನಿಧಾನವಾಗಿ ತಿಳಿಸಿ ಹೇಳಿದಳು. ಕೇಳುತ್ತ ಕೇಳುತ್ತ ಅವ್ವನ ಮುಖ ಸಣ್ಣದಾಯಿತು.

“ಅಂದ್ರ… ಅದರ ಕಣ್ಣ ನಾನ ಮುಚ್ಚಿದ್ನೇನವಾ?”

“ಹಂಗಲ್ಲ ಅತ್ತಿ.”

“ಹಂಗs ಅಲ್ಲೇನು ಮತ್ತ. ಇವನ ಎದಿ ನಾನ ನಿಂದರಿಸಿದಂಗಾತು.”

“ದೃಷ್ಟಿ ಆಗಲಿಲ್ಲಲ್ಲ ಅವ್ವಾ. ಬಂದೆನಲ್ಲ” ಎಂದೆ. ಹರಿಗೋಲಿನ ಹೆಂಗಸು ಅಲ್ಲಿಂದಲೇ, “ಯಮ್ಮಾ, ಮತ್ತೊಮ್ಮಿ ಹಚ್ಚೂದಿದ್ರ ಆ ಪಟಕ್ಕ ಹಚ್ರಿ, ನನ್ನ ಬಲಿಗೆ ಬೀಳೂದಾದ್ರೂ ತಪ್ಪತೈತಿ” ಎಂದಳು. ಅವ್ವ ನಕ್ಕಳೋ ಅತ್ತಳೋ, ಮಳೆಯಲ್ಲಿ ಗೊತ್ತಾಗಲಿಲ್ಲ.

ಹೆಂಡತಿ ನಾಡಿ ಬಿಟ್ಟಿರಲಿಲ್ಲ. ಆಟೋದಲ್ಲಿಯೂ ಬಿಡಲಿಲ್ಲ. ಮನೆ ಮುಟ್ಟಿ, ನಾನು ಬಿಸಿ ನೀರು ಹಾಕಿಕೊಂಡು ಬಂದ ಮೇಲೆ ತನ್ನ ಕಡೆಯದನ್ನು ಹೇಳಿದಳು. ಎದೆಯ ಸಂಖ್ಯೆ ಮೊದಲಿನಿಂದಲೇ ಇರಲಿಲ್ಲ. ನೆಟ್‌ವರ್ಕ್ ಸರಿ ಇಲ್ಲವೆಂದುಕೊಂಡು ಸುಮ್ಮನಿದ್ದಳು. ಚುಕ್ಕಿ ದಾರಿ ಬಿಟ್ಟು ತೂಬಿನ ಕಡೆ ನೇರ ತೇಲತೊಡಗಿದಾಗ ಫೋನು ಮಾಡಿದಳು. ನಾನು ಕಟ್ ಮಾಡಿದೆ.

“ಎಂಥಾ ಸಿಟ್ಟ ಬಂತಂತೀರಿ! ಇಲ್ಲಿ ನಾ ಜೀವಾ ಕೈಯಾಗ ಹಿಡದು ಕುಂತೀನಿ, ಇವರು ಕಟ್ ಮಾಡತಾರ. ಮತ್ತ ಮಾಡಿದೆ, ಮತ್ತ ಕಟ್. ಆ ರೆಕಾರ್ಡಿನಾಕಿ ಹೇಳತಾಳ, ನೀವು ಕರೆ ಮಾಡಿದ ಚಂದಾದಾರರು ನಿರತರಾಗಿದ್ದಾರೆ ಅಂತ. ಆಗ ಹೊಳೀತು ನೋಡ್ರಿ. ಸತ್ತವರು ನಿರತ ಇರೂದಿಲ್ಲ. ಕಟ್ ಮಾಡಾಕ ಕೈ ಬೇಕು.”

ಅಲ್ಲಿಂದ ಮುಂದೆ ಅವಳು ಕರೆ ಮಾಡಿದ್ದು ನಾನು ಎತ್ತಲೆಂದಲ್ಲ, ಕಟ್ ಮಾಡಲೆಂದು. ಹೃದಯದ ಎದುರು ಇಲ್ಲದ ಸಂಖ್ಯೆಯನ್ನು ಅವಳು ಹಾಗೆ ನನ್ನ ಹೆಬ್ಬೆರಳಿನಿಂದ ತೆಗೆದುಕೊಳ್ಳುತ್ತಿದ್ದಳು. ನಾನು ಸಂಕಟಪಡುತ್ತ ಮುಚ್ಚಿದ ಒಂದೊಂದು ಬಾಗಿಲಿಗೂ ಅಲ್ಲಿ ಅವಳು ಅವ್ವನಿಗೆ, “ಅದಾರ ಅತ್ತಿ, ಅದಾರ” ಎನ್ನುತ್ತಿದ್ದಳಂತೆ. ಕೊನೆಗೆ ಒಮ್ಮೆ ರೆಕಾರ್ಡಿನಾಕೆ ಮಾತು ಬದಲಿಸಿದಳು: ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಆ ಹೊತ್ತಿಗೆ ನಾನು ಬಲೆಯ ಬಳಿ ಇದ್ದೆನೋ ಹರಿಗೋಲಿನೊಳಗೇ ಇದ್ದೆನೋ. ಅದನ್ನು ಹೇಳುವಾಗ ಅವಳು ನಿಲ್ಲಿಸಿ ನೀರು ಕುಡಿದಳು.

“ನೀವು ಬೇಕಂತನ ಕಟ್ ಮಾಡಿದ್ರಿ ಹೌದಿಲ್ಲೋ? ನನಗ ತಿಳೀಲಿ ಅಂತ?”

ಹೌದು ಎನ್ನಬಹುದಿತ್ತು. ಆ ರಾತ್ರಿ ಡೈರಿಯಲ್ಲಿ ಹೌದೆಂದೇ ಬರೆದೆ, ಮರುದಿನ ಹೊಡೆದುಹಾಕಿದೆ. ಅವಳಿಗೆ, “ಬೆರಳು ಜಾರಿತು” ಎಂದೆ. ಅವಳು ನಂಬಲಿಲ್ಲ. ನಾನು ಕಟ್ ಮಾಡಿದ್ದಕ್ಕೆ ಒಂದು ಲಯವಿತ್ತು, ಎದೆ ಬಡಿದಂತೆಯೇ ಇತ್ತು ಎನ್ನುತ್ತಾಳೆ. ಕರೆ ಮಾಡುತ್ತಿದ್ದವಳು ಅವಳು, ಹಾಗಾಗಿ ಲಯವಿದ್ದರೆ ಅದು ಅವಳದೇ ಇರಬೇಕು. ಗಡಿಯಾರ ಬರೆದಿಟ್ಟ ಆ ದಿನದ ಗೆರೆ ಈಗಲೂ ಇದೆ: ದಾರಿ ಇದೆ, ವೇಗ ಇದೆ, ಎದೆಬಡಿತದ ಪಟ್ಟಿ ಮೊದಲಿನಿಂದ ಕೊನೆಯವರೆಗೆ ಖಾಲಿ. ನನ್ನ ಜೀವನದಲ್ಲಿ ಅತಿ ಹೆಚ್ಚು ಅಂಜಿದ ದಿನ ನನ್ನ ಎದೆ ಏನು ಮಾಡಿತು ಎಂಬುದಕ್ಕೆ ಅಲ್ಲಿ ಸಾಕ್ಷಿ ಇಲ್ಲ. ಇರುವುದು ಅವಳ ಫೋನಿನಲ್ಲಿ, ಕೆಂಪು ಬಾಣದ ಗುರುತಿನ ಸಾಲು ಕರೆಗಳಾಗಿ. ಎಷ್ಟೆಂದು ನಾನು ಎಣಿಸಿಲ್ಲ.

ಈ ಆಷಾಢಕ್ಕೆ ಮತ್ತೆ ಇಳಿದೆ. ಹೋಗಬೇಡಿ ಎಂದು ಅವಳು ಹೇಳಲಿಲ್ಲ, ಹೇಳಿದ್ದರೆ ನಿಲ್ಲುತ್ತಿದ್ದೆನೇನೋ. ಅವ್ವ ಈಗ ಗಡಿಯಾರ ಮುಟ್ಟುವುದಿಲ್ಲ. ಹೊರಡುವ ಮೊದಲು ನನ್ನನ್ನೇ ಕೂರಿಸಿ ಕಿವಿಯ ಹಿಂದೆ ಕಾಡಿಗೆ ಹಚ್ಚುತ್ತಾಳೆ, “ಇಲ್ಲೇನೂ ದೀಪಾ ಇಲ್ಲಲ್ಲ?” ಎಂದು ಕೇಳಿಕೊಂಡೇ. ದಂಡೆಗೆ ಸಮನಾಗಿ ಹೋಗಿಬರುತ್ತೇನೆ, ನಡುನೀರಿಗೆ ಹೋಗುವುದಿಲ್ಲ. ಗಡಿಯಾರದ ಗೆರೆಯೂ ಹಾಗೆಯೇ ಹೇಳುತ್ತದೆ. ಎದೆಯ ಸಂಖ್ಯೆ ಸರಿಯಾಗಿ ಕಾಣುತ್ತದೆ. ಆದರೂ ಅವಳು ನಡುನಡುವೆ ಕರೆ ಮಾಡುತ್ತಾಳೆ, ನಾನು ಕಟ್ ಮಾಡುತ್ತೇನೆ.

ಮೊನ್ನೆ ಊಟಕ್ಕೆ ಬಡಿಸುತ್ತ ಕೇಳಿದಳು. “ಅಲ್ರಿ, ಗಾಳಿಯಾಗ ಹಾರೂವಾಗೂ ನಿಮ್ಮ ಎದಿ ಅಷ್ಟ ಬಡಿಯೂದಿಲ್ಲ. ನಾ ಫೋನ್ ಮಾಡಿದ ಕೂಡ್ಲೆ ಸರ್ ಅಂತ ಏರತೈತಿ. ನೀರಿನ ಅಂಜಿಕಿನೋ, ನನ್ನ ಅಂಜಿಕಿನೋ?”

ಅವ್ವ ನಕ್ಕಳು. ನಾನೂ ನಕ್ಕೆ. ಗಡಿಯಾರ ನಡುಗಿದಾಗಿನಿಂದ ನನ್ನ ಹೆಬ್ಬೆರಳು ಗುಂಡಿ ಮುಟ್ಟುವವರೆಗೆ ಒಂದು ಗಳಿಗೆ ಇರುತ್ತದೆ. ಅಷ್ಟು ಹೊತ್ತು ಭಾಗ್ಯನಗರದ ಪಡಸಾಲೆಯಲ್ಲಿ, ಆ ಖಾಲಿ ಮೊಳೆಯ ಕೆಳಗೆ, ಅವಳು ಫೋನು ಕಿವಿಗೆ ಹಿಡಿದು ನಿಂತಿರುತ್ತಾಳೆ. ಆಗ ಬಡಿಯುವ ಅವಳ ಎದೆಯನ್ನು ಎಣಿಸಲು ಅವಳ ಕೈಗೆ ಗಡಿಯಾರ ಇಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. “ಸಾರು ಹಾಕು” ಎಂದೆ.